ಜಗತ್ತಿನ ಅತಿ ದೊಡ್ಡ ಹಿಮನದಿ ಸಿಯಾಚಿನ್ ಅಲ್ವಾ? ಈ ಲ್ಯಾಂಬರ್ಟ್ ಯಾವುದು?

ಕೆಎಎಸ್_ಕನಸು
ಎಲ್ಲರಿಗೂ ನಮಸ್ಕಾರ. ನಮ್ಮ ಕೋಚಿಂಗ್ ಸೆಂಟರ್‌ನ ಮಾಕ್ ಟೆಸ್ಟ್‌ನಲ್ಲಿ ಒಂದು ಪ್ರಶ್ನೆ ಬಂದಿತ್ತು. 'ಜಗತ್ತಿನ ಅತಿ ದೊಡ್ಡ ಹಿಮನದಿ ಯಾವುದು?' ಅವರೇ ಕೊಟ್ಟ ನೋಟ್ಸ್‌ನಲ್ಲಿ ಸಿಯಾಚಿನ್ ಅಂತ ಇದೆ. ಕೀ ಆನ್ಸರ್‌ನಲ್ಲಿ ಮಾತ್ರ ಲ್ಯಾಂಬರ್ಟ್, ಅಂಟಾರ್ಕ್ಟಿಕಾ. ಹೋಗಿ ಕೇಳಿದರೆ 'ಎರಡೂ ಸರಿ, ಮುಂದಿನ ಚಾಪ್ಟರ್ ಓದ್ಕೊಳ್ಳಿ' ಅನ್ನುತ್ತಾರೆ. ಎರಡೂ ಹೇಗೆ ಸರಿಯಾಗುತ್ತದೆ?

ಇನ್ನೊಂದು ಡೌಟು. ಅಂಟಾರ್ಕ್ಟಿಕಾ ಅಂದರೆ ಪೂರ್ತಿ ಹಿಮ. ಹಾಗಿದ್ದ ಮೇಲೆ ಅದರೊಳಗೆ ಒಂದು ಹಿಮನದಿ ಇಲ್ಲಿ ಶುರು, ಇಲ್ಲಿ ಮುಗೀತು ಅಂತ ಹೇಗೆ ಗುರುತಿಸುತ್ತಾರೆ? ಹರಿಯಬೇಕಾದರೆ ಬೆಟ್ಟ ಕಣಿವೆ ಬೇಕಲ್ವಾ? ಅಲ್ಲಿ ಬೆಟ್ಟ ಎಲ್ಲಿದೆ?

ಗಡಿಬಿಡಿ_ಗುಂಡ
ಫೀಸು ವಾಪಸ್ ಕೇಳಿ ಮೊದಲು 😀

ಭೂಗೋಳ_ಮೇಷ್ಟ್ರು
ನಿಮ್ಮ ನೋಟ್ಸ್ ಮಾಡಿದವರು ಅರ್ಧ ವಾಕ್ಯ ನುಂಗಿದ್ದಾರೆ. ಧ್ರುವ ಪ್ರದೇಶಗಳನ್ನು ಬಿಟ್ಟರೆ, ಉದ್ದದಲ್ಲಿ ಸಿಯಾಚಿನ್ ಎರಡನೆಯದು. ಸುಮಾರು 76 ಕಿ.ಮೀ. ಅದಕ್ಕಿಂತ ಕೂದಲೆಳೆಯಷ್ಟು ಮುಂದೆ ಇರುವುದು ತಜಿಕಿಸ್ತಾನದ ಫೆಡ್ಚೆಂಕೊ. ಧ್ರುವಗಳನ್ನೂ ಲೆಕ್ಕಕ್ಕೆ ತಗೊಂಡರೆ ಸ್ಪರ್ಧೆಯೇ ಇಲ್ಲ. ಲ್ಯಾಂಬರ್ಟ್ 400 ಕಿ.ಮೀ. ಉದ್ದ, ಅಗಲವೇ ಕೆಲವು ಕಡೆ 100 ಕಿ.ಮೀ. ಸಿಯಾಚಿನ್ನಿನ ಉದ್ದ ಅದರ ಅಗಲಕ್ಕೂ ಸಾಲದು. ಇಡೀ ಅಂಟಾರ್ಕ್ಟಿಕಾ ಹಿಮದ ಸುಮಾರು ಶೇ. 8ರಷ್ಟು ಇದೊಂದೇ ದಾರಿಯಲ್ಲಿ ಸಮುದ್ರದ ಕಡೆ ಬರುತ್ತದೆ.

ಬೆಟ್ಟದ ಪ್ರಶ್ನೆಗೆ: ಬೇಕಾದಷ್ಟಿವೆ. ಲ್ಯಾಂಬರ್ಟ್ ಹರಿಯುವುದೇ ಪ್ರಿನ್ಸ್ ಚಾರ್ಲ್ಸ್ ಪರ್ವತಗಳ ಮಧ್ಯೆ. ಹಿಮದ ಮೇಲೆ ಕಪ್ಪು ಕಲ್ಲಿನ ತಲೆಗಳು ಕಾಣುತ್ತವೆ, ಕೆಳಗಿನ ಬೆಟ್ಟ ಮುಳುಗಿರುತ್ತದೆ. ಖಂಡದ ಆ ತುದಿಯಿಂದ ಈ ತುದಿಗೆ ಟ್ರಾನ್ಸ್‌ಅಂಟಾರ್ಕ್ಟಿಕ್ ಪರ್ವತಗಳು ಸುಮಾರು 3,500 ಕಿ.ಮೀ. ಅಡ್ಡ ಬಿದ್ದಿವೆ. ಪೂರ್ವ ಅಂಟಾರ್ಕ್ಟಿಕಾ, ಪಶ್ಚಿಮ ಅಂಟಾರ್ಕ್ಟಿಕಾ ಅಂತ ಭಾಗ ಮಾಡಿರುವುದು ಅವೇ. ಅದರಲ್ಲಿ ಕಿರ್ಕ್‌ಪ್ಯಾಟ್ರಿಕ್ ಶಿಖರ 4,528 ಮೀ. ಖಂಡದ ಅತಿ ಎತ್ತರದ್ದು ಬೇರೆ ಕಡೆ ಇದೆ, ಎಲ್ಸ್‌ವರ್ತ್ ಪರ್ವತಗಳ ವಿನ್ಸನ್, 4,892 ಮೀ. ಹಳೆ ಗೈಡುಗಳಲ್ಲಿ 5,140 ಅಂತ ಇರುತ್ತದೆ, ಅದನ್ನು ಬರೆದು ಮಾರ್ಕ್ಸ್ ಕಳ್ಕೋಬೇಡಿ.

ಕೆಎಎಸ್_ಕನಸು
ಥ್ಯಾಂಕ್ಸ್ ಸರ್. ಆದರೆ ಎಲ್ಲಿ ಶುರು ಎಲ್ಲಿ ಕೊನೆ ಅನ್ನೋದು ಇನ್ನೂ ತಲೆಗೆ ಹೋಗಲಿಲ್ಲ.

ತೀರ್ಥಹಳ್ಳಿ_ಅಕ್ಕ
ನೋಡಪ್ಪಾ, ಜೋನಿಬೆಲ್ಲ ತಟ್ಟೆಗೆ ಸುರಿದರೆ ಏನಾಗುತ್ತದೆ? ನಡುವೆ ಗುಡ್ಡೆ ಆಗಿ, ತನ್ನ ಭಾರಕ್ಕೇ ಸುತ್ತ ಹರಡುತ್ತದೆ. ಇಲ್ಲೂ ಅಷ್ಟೇ. ಖಂಡದ ನಡುವೆ ಹಿಮ ಎತ್ತರಕ್ಕೆ ಕೂತಿದೆ. ಎಲ್ಲ ದಿಕ್ಕಿಗೂ ಜರುಗುತ್ತದೆ, ಆದರೆ ತುಂಬಾ ನಿಧಾನ. ಕೆಳಗೆ ಕಣಿವೆ ಸಿಕ್ಕ ಕಡೆ ಎಲ್ಲಾ ಬದಿಯ ಹಿಮ ಅಲ್ಲಿಗೆ ಸೇರಿ ಓಟ ಹೆಚ್ಚುತ್ತದೆ. ಆ ವೇಗದ ಪಟ್ಟಿಯನ್ನೇ ಹಿಮನದಿ ಅಂತ ಕರೆಯುವುದು. ಉಪಗ್ರಹದಿಂದ ವೇಗ ಅಳೆದು ನಕ್ಷೆ ಮಾಡಿದ್ದಾರೆ, ನೋಡಿದರೆ ಥೇಟ್ ನದಿ ಉಪನದಿಗಳ ಹಾಗೇ ಕವಲು ಕವಲಾಗಿ ಕಾಣುತ್ತದೆ.

ಲ್ಯಾಂಬರ್ಟ್ ಕೊನೆಗೆ ಅಮೆರಿ ಅನ್ನೋ ತೇಲುವ ಹಿಮಚಾಚಿಗೆ (ಐಸ್ ಶೆಲ್ಫ್, ಅಂದರೆ ಖಂಡದ ಹಿಮ ಸಮುದ್ರದ ಮೇಲೆ ಚಾಚಿಕೊಂಡ ಭಾಗ) ಸೇರುತ್ತದೆ. ಆ ಚಾಚಿನ ಮುಂತುದಿ ವರ್ಷಕ್ಕೆ ಒಂದು ಕಿ.ಮೀ.ಗಿಂತ ಜಾಸ್ತಿ ಮುಂದೆ ಹೋಗುತ್ತದೆ.

ಪ್ರಶ್ನೆಪುಟ್ಟಿ
ಲ್ಯಾಂಬರ್ಟ್ ಅಂದರೆ ಯಾರು? ಅಲ್ಲಿಗೆ ಮೊದಲು ಹೋದವರಾ?

ರಾಡಾರ್_ರಂಗ
ಹೋದವರಲ್ಲ, ನಕ್ಷೆ ಇಲಾಖೆಯವರು. 1946–47ರಲ್ಲಿ ಅಮೆರಿಕದ ನೌಕಾಪಡೆ ವಿಮಾನಗಳಿಂದ ಸಾವಿರಾರು ಫೋಟೋ ತೆಗೆಯಿತು. ಆ ಫೋಟೋಗಳನ್ನು ಕೂತು ನೋಡಿದಾಗ ಈ ಹಿಮನದಿ ಸಿಕ್ಕಿತು. ಫೋಟೋ ತೆಗೆದ ತಂಡದ ಗುರುತಿನಲ್ಲಿ ಮೊದಲು 'ಬೇಕರ್ ತ್ರೀ' ಅಂತ ಕರೆದರು. 1957ರಲ್ಲಿ ಆಸ್ಟ್ರೇಲಿಯಾದವರು ತಮ್ಮ ನಕ್ಷೆ ಇಲಾಖೆಯ ನಿರ್ದೇಶಕರ ಹೆಸರಿಟ್ಟರು. ಅಷ್ಟು ದೊಡ್ಡ ಹಿಮನದಿ ಪತ್ತೆಯಾಗಿದ್ದು ಮೇಜಿನ ಮೇಲೆ!

ಇನ್ನೂ ಮಜಾ ಅಂದರೆ ಲ್ಯಾಂಬರ್ಟ್‌ನ ಮೇಲ್ಭಾಗದಲ್ಲಿ, ಡೋಮ್ ಎ ಅನ್ನೋ ಎತ್ತರದ ಹಿಮದ ದಿಬ್ಬದ ಕೆಳಗೆ, ಇಡೀ ಪರ್ವತ ಶ್ರೇಣಿಯೇ ಹೂತು ಹೋಗಿದೆ. ಗಾಂಬುರ್ಟ್‌ಸೆವ್ ಪರ್ವತಗಳು. ಸುಮಾರು 1,200 ಕಿ.ಮೀ. ಉದ್ದ, ಆಲ್ಪ್ಸ್‌ಗೆ ಸಮ. ಒಂದು ಕಲ್ಲು ಕೂಡ ಹೊರಗೆ ಕಾಣುವುದಿಲ್ಲ. ಶಿಖರಗಳ ಮೇಲೂ ನೂರಾರು ಮೀಟರ್ ಹಿಮ.

ಅನುಮಾನದ_ಅಣ್ಣಪ್ಪ
ಯಾರೂ ನೋಡಿಲ್ಲ, ಮುಟ್ಟಿಲ್ಲ, ಆದರೂ ಇದೆ. ದೇವರ ಬಗ್ಗೆ ಹೀಗೆ ಹೇಳಿದರೆ ನೀವೇ ಜಗಳಕ್ಕೆ ಬರುತ್ತೀರಿ.

ರಾಡಾರ್_ರಂಗ
ಅಣ್ಣಪ್ಪ, ನಿಮ್ಮ ಹೊಟ್ಟೆಯೊಳಗಿನ ಕಲ್ಲನ್ನು ಸ್ಕ್ಯಾನಿಂಗ್‌ನವರು ಹೇಗೆ ನೋಡುತ್ತಾರೆ? ತತ್ವ ಅದೇ.

1958ರಲ್ಲಿ ಸೋವಿಯತ್ ತಂಡ ಅಲ್ಲಿ ಸಣ್ಣ ಸಣ್ಣ ಸ್ಫೋಟ ಮಾಡಿ, ಸದ್ದು ಕೆಳಗಿನ ಬಂಡೆಗೆ ಬಡಿದು ವಾಪಸ್ ಬರಲು ಎಷ್ಟು ಹೊತ್ತು ಅಂತ ಅಳೆಯುತ್ತಾ ಹೋಯಿತು. ಖಂಡದ ನಟ್ಟನಡುವೆ ನೆಲ ಸಪಾಟಾಗಿರಬೇಕು ಅಂತ ಅಂದುಕೊಂಡಿದ್ದರು. ಹೋಗ್ತಾ ಹೋಗ್ತಾ ಪ್ರತಿಧ್ವನಿ ಬೇಗ ಬೇಗ ಬರಲು ಶುರುವಾಯಿತು. ಅಂದರೆ ಹಿಮ ತೆಳುವಾಗುತ್ತಿದೆ, ಬಂಡೆ ಮೇಲೆ ಬರುತ್ತಿದೆ. ಮೇಲೆ ನಿಂತವರಿಗೆ ಮಾತ್ರ ಕಂಡಿದ್ದು ಅದೇ ಬಿಳಿ ಬಯಲು. ಆಮೇಲೆ 2008–09ರ ಬೇಸಿಗೆಯಲ್ಲಿ (ಅಲ್ಲಿಯ ಬೇಸಿಗೆ, ಡಿಸೆಂಬರ್–ಜನವರಿ) ಹಲವು ದೇಶದವರು ಸೇರಿ ಸಣ್ಣ ವಿಮಾನಗಳಲ್ಲಿ ರಾಡಾರ್ ಕಟ್ಟಿಕೊಂಡು ಉತ್ತ ಗದ್ದೆಯಂತೆ ಸಾಲು ಸಾಲಾಗಿ ಹಾರಿದರು. ರೇಡಿಯೋ ತರಂಗ ತಣ್ಣನೆಯ ಹಿಮದಲ್ಲಿ ಸಲೀಸಾಗಿ ಇಳಿದು ಬಂಡೆಗೆ ತಾಗಿ ವಾಪಸ್ ಬರುತ್ತದೆ. ಚೂಪು ಶಿಖರ, ಆಳ ಕಣಿವೆ, ಕಣಿವೆಯಲ್ಲಿ ನೀರು, ಎಲ್ಲಾ ಸಿಕ್ಕಿತು.

ಪ್ರಶ್ನೆಪುಟ್ಟಿ
ನೀರಾ?? ಅಲ್ಲಿ ಮೈನಸ್ ಎಷ್ಟೋ ಇರುತ್ತಲ್ಲ?

ರಾಡಾರ್_ರಂಗ
ಮೇಲೆ ಚಳಿ. ಕೆಳಗೆ ಭೂಮಿಯ ಶಾಖ ಬರುತ್ತಿರುತ್ತದೆ, ಮೇಲಿನ ಎರಡು ಮೂರು ಕಿ.ಮೀ. ಹಿಮ ಅದನ್ನು ಹೊರಗೆ ಬಿಡುವುದಿಲ್ಲ. ಜೊತೆಗೆ ಒತ್ತಡಕ್ಕೆ ಕರಗುವ ಬಿಂದು ಸ್ವಲ್ಪ ಇಳಿಯುತ್ತದೆ. ಹಾಗಾಗಿ ತಳದಲ್ಲಿ ಅಲ್ಲಲ್ಲಿ ನೀರು. ವೊಸ್ಟೋಕ್ ಕೇಳಿರಬೇಕು, 1983ರ ಜುಲೈ 21ರಂದು ಮೈನಸ್ 89.2 ಡಿಗ್ರಿ ದಾಖಲಾದ ಜಾಗ. ಅದೇ ಕ್ಯಾಂಪಿನ ಕೆಳಗೆ ಸುಮಾರು ನಾಲ್ಕು ಕಿ.ಮೀ. ಆಳದಲ್ಲಿ ದೊಡ್ಡ ಸರೋವರ ಇದೆ, ಹೆಪ್ಪುಗಟ್ಟಿಲ್ಲ.

ಗಾಂಬುರ್ಟ್‌ಸೆವ್‌ನಲ್ಲಿ ಈ ನೀರು ಒತ್ತಡಕ್ಕೆ ಬೆಟ್ಟದ ಏರಿನಲ್ಲಿ ಮೇಲಕ್ಕೂ ಹೋಗುತ್ತದೆ. ಅಲ್ಲಿ ಮತ್ತೆ ಗಡ್ಡೆ ಕಟ್ಟಿ ಹಿಮದ ಅಡಿಗೇ ಅಂಟಿಕೊಳ್ಳುತ್ತದೆ. ಹಿಮ ಮೇಲಿಂದ ಬಿದ್ದು ಬೆಳೆಯುತ್ತದೆ ಅಂತ ಮಾತ್ರ ನಾವು ಓದಿದ್ದು, ಇಲ್ಲಿ ಬುಡದಿಂದಲೂ ಬೆಳೆಯುತ್ತದೆ.

ಅನುಮಾನದ_ಅಣ್ಣಪ್ಪ
ಸರಿ, ಹಿಮ ಉಜ್ಜಿ ಉಜ್ಜಿ ಬೆಟ್ಟ ಸವೆಸುತ್ತದೆ ಅಂತ ಶಾಲೆಯಲ್ಲಿ ಓದಿದ್ದು. ಕೋಟ್ಯಂತರ ವರ್ಷ ಹಿಮದ ಕೆಳಗಿದ್ದ ಬೆಟ್ಟ ಚೂಪಾಗಿ ಉಳಿದಿದ್ದು ಹೇಗೆ? ಇದಕ್ಕೆ ಉತ್ತರ ಕೊಡಿ.

ಭೂಗೋಳ_ಮೇಷ್ಟ್ರು
ಪ್ರಶ್ನೆ ಚೆನ್ನಾಗಿದೆ. ಜಾರುವ ಹಿಮ ಉಜ್ಜುತ್ತದೆ. ಬಂಡೆಗೇ ಹೆಪ್ಪುಗಟ್ಟಿ ಕಚ್ಚಿಕೊಂಡ ಹಿಮ ಉಜ್ಜುವುದಿಲ್ಲ, ಕಾಯುತ್ತದೆ. ಸುಮಾರು 3.4 ಕೋಟಿ ವರ್ಷದ ಹಿಂದೆ ಖಂಡ ತಣ್ಣಗಾದಾಗ ಮೊದಲು ಹಿಮ ಕೂತಿದ್ದೇ ಇಂಥ ಎತ್ತರದ ಬೆಟ್ಟಗಳ ಮೇಲೆ. ಆಮೇಲೆ ಅದು ದಪ್ಪವಾಗಿ ಶಿಖರಗಳನ್ನೇ ನುಂಗಿತು. ಆಗಿನ ಕಣಿವೆಗಳು ಈಗಲೂ ಹಾಗೇ ಇವೆ.

ಶಕ್ತಿನಗರ_ಹುಡುಗ
ಇದು ಓದ್ತಾ ಒಂದು ನೆನಪಾಯಿತು. ನಮ್ಮ ರಾಯಚೂರು ಥರ್ಮಲ್‌ಗೆ ಸಿಂಗರೇಣಿಯಿಂದಲೂ ಒಡಿಶಾದ ಮಹಾನದಿ ಗಣಿಗಳಿಂದಲೂ ಕಲ್ಲಿದ್ದಲು ಬರುತ್ತದೆ. ಕಲ್ಲಿದ್ದಲ ಜೊತೆ ಬೂದು ಬಣ್ಣದ ಹಾಳೆ ಹಾಳೆಯಾಗಿ ಬಿಡಿಸಿಕೊಳ್ಳುವ ಕಲ್ಲೂ ಬರುತ್ತದೆ. ಅದರಲ್ಲಿ ಒಂದು ಚೂರು ನನ್ನ ಹತ್ತಿರ ಇದೆ. ಮೇಲೆ ನಾಲಿಗೆ ಆಕಾರದ ಎಲೆಯ ಅಚ್ಚು, ನಡುವೆ ದಪ್ಪ ನರ, ಅದರಿಂದ ಬಲೆ ಬಲೆಯಾಗಿ ಸಣ್ಣ ನರಗಳು. ಉಗುರಿಂದ ಸವರಿದರೆ ನರ ತಾಗುತ್ತದೆ. ಇದೇ ಎಲೆ ಅಂಟಾರ್ಕ್ಟಿಕಾದಲ್ಲೂ ಸಿಗುತ್ತದೆ ಅಂತ ಯಾರೋ ಹೇಳಿದ್ದರು. ನಿಜವಾ?

ಕಲ್ಲುಕುಟಿಗ_ಕೋಲಾರ
ನಿಜ. ಅದು ಗ್ಲಾಸಾಪ್ಟೆರಿಸ್ ಇರಬೇಕು, ಎಂದೋ ಅಳಿದುಹೋದ ಒಂದು ಮರದ ಎಲೆ. ಭದ್ರವಾಗಿ ಇಟ್ಟುಕೊಳ್ಳಿ.

ಈ ಥ್ರೆಡ್‌ಗೆ ಸರಿಯಾಗಿ ಹೊಂದುವ ಮಾತು ಹೇಳುತ್ತೇನೆ. ಲ್ಯಾಂಬರ್ಟ್ ಹರಿಯುವ ಕಣಿವೆಯನ್ನು ಕೊರೆದಿದ್ದು ಹಿಮ ಒಂದೇ ಅಲ್ಲ. ಅದಕ್ಕೂ ಮುಂಚೆ ಭೂಮಿಯೇ ಸೀಳಿ, ನಡುವಿನ ಪಟ್ಟಿ ಕುಸಿದು ಆದ ತಗ್ಗು ಅದು. ಆಗ ಭಾರತ ಅಂಟಾರ್ಕ್ಟಿಕಾಕ್ಕೆ ಅಂಟಿಕೊಂಡಿತ್ತು. ನಮ್ಮ ಕಡೆಯ ಮಹಾನದಿ ತಗ್ಗು, ಅವರ ಕಡೆಯ ಲ್ಯಾಂಬರ್ಟ್ ತಗ್ಗು, ಎರಡೂ ಒಂದೇ ಸೀಳಿನ ಎರಡು ತುಂಡು ಅಂತ ಬಹಳ ಭೂವಿಜ್ಞಾನಿಗಳು ಜೋಡಿಸುತ್ತಾರೆ. ಪರ್ಮಿಯನ್ ಕಾಲದಲ್ಲಿ, ಅಂದರೆ 25 ಕೋಟಿ ವರ್ಷಕ್ಕೂ ಹಿಂದೆ, ಆ ತಗ್ಗಿನ ಜೌಗಿನಲ್ಲಿ ಈ ಎಲೆಯ ಮರಗಳು ಬಿದ್ದು ಕೊಳೆತು ಕಲ್ಲಿದ್ದಲಾಯಿತು. ಈ ಕಡೆ ಒಡಿಶಾದ ತಾಲ್ಚೇರ್ ಗಣಿ, ಆ ಕಡೆ ಪ್ರಿನ್ಸ್ ಚಾರ್ಲ್ಸ್ ಪರ್ವತಗಳ ಬೀವರ್ ಸರೋವರದ ಹತ್ತಿರದ ಕಲ್ಲಿದ್ದಲ ಪದರ. ಗಾಂಬುರ್ಟ್‌ಸೆವ್ ಬೆಟ್ಟ ಮತ್ತೆ ಎತ್ತರಕ್ಕೆ ಎದ್ದಿದ್ದಕ್ಕೂ ಇದೇ ಸೀಳೇ ಕಾರಣ ಅಂತ 2011ರಿಂದ ಹೇಳುತ್ತಿದ್ದಾರೆ.

ಬಿಆರ್‌ಹಿಲ್ಸ್_ಬಸವ
ಹಾಗಾದರೆ ನಮ್ಮ ಬಿಳಿಗಿರಿರಂಗನ ಬೆಟ್ಟದ ಕಲ್ಲೂ ಅಂಟಾರ್ಕ್ಟಿಕಾ ಕಲ್ಲೂ ಒಂದೇ! ಅಲ್ಲೂ ಚಾರ್ನಕೈಟ್ (ನಮ್ಮ ಬೆಟ್ಟದ ಗ್ರಾನೈಟ್‌ನಂಥ ಗಟ್ಟಿ ಕಲ್ಲು) ಇದೆ ಅಂತ ಓದಿದ್ದೆ.

ಕಲ್ಲುಕುಟಿಗ_ಕೋಲಾರ
ಜಾತಿ ಒಂದೇ, ಮನೆತನ ಬೇರೆ. ಬಿಳಿಗಿರಿಯ ಚಾರ್ನಕೈಟ್ 300 ಕೋಟಿ ವರ್ಷದ ಆಸುಪಾಸಿನದು. ಲ್ಯಾಂಬರ್ಟ್ ಕಡೆಯ ಬಂಡೆಗೆ ನೆಂಟಸ್ತಿಕೆ ಇರುವುದು ಆಂಧ್ರ–ಒಡಿಶಾದ ಪೂರ್ವಘಟ್ಟಕ್ಕೆ, ಸುಮಾರು 100 ಕೋಟಿ ವರ್ಷದ ಕಥೆ ಅದು. ಕಲ್ಲಿನ ಹೆಸರು ಒಂದೇ ಅಂತ ಸಂಬಂಧ ಕಟ್ಟಬೇಡಿ.

ಗಡಿಬಿಡಿ_ಗುಂಡ
ಮ್ಯಾಟ್ರಿಮೋನಿ ಥ್ರೆಡ್ ಆಗ್ತಾ ಇದೆ ಇದು

ಇತಿಹಾಸಪ್ರಿಯೆ
ಗ್ಲಾಸಾಪ್ಟೆರಿಸ್ ಅಂದ ಮೇಲೆ ಬ್ರಿಟಿಷ್ ಅನ್ವೇಷಕ ಸ್ಕಾಟ್ ಬಗ್ಗೆ ಹೇಳದಿದ್ದರೆ ಹೇಗೆ? 1912ರ ಫೆಬ್ರವರಿಯಲ್ಲಿ ದಕ್ಷಿಣ ಧ್ರುವವನ್ನು ಮೊದಲು ಮುಟ್ಟುವ ಪೈಪೋಟಿಯಲ್ಲಿ ಸೋತು ತಂಡದ ಜೊತೆ ವಾಪಸ್ ಬರುವಾಗ ಬಿಯರ್ಡ್‌ಮೋರ್ ಹಿಮನದಿಯ ಪಕ್ಕದ ಬಂಡೆಗಳಲ್ಲಿ ನಿಂತು ಕಲ್ಲು ಆರಿಸಿದರು. ಸುಮಾರು 16 ಕೆ.ಜಿ. ಅವರ ಹೆಣಗಳು ಸಿಕ್ಕಾಗ ಜಾರುಬಂಡಿಯಲ್ಲಿ ಆ ಕಲ್ಲುಗಳೂ ಇದ್ದವು. ಅದರಲ್ಲಿ ಇದೇ ಎಲೆ ಇತ್ತು. ಖಂಡಗಳು ಒಂದಾಗಿದ್ದವು ಅನ್ನೋದಕ್ಕೆ ದೊಡ್ಡ ಸಾಕ್ಷಿ. ಸಾಯುವಾಗಲೂ ವಿಜ್ಞಾನ ಬಿಡಲಿಲ್ಲ.

ಟ್ರೆಕ್_ಟೋನಿ
ಅಕ್ಕ, ಅದನ್ನು ನಾನು ಬೇರೆ ಥರ ನೋಡುತ್ತೇನೆ. ಊಟ ಇಲ್ಲ, ಉರುವಲು ಇಲ್ಲ, ಕಾಲು ಕೊಳೆಯುತ್ತಿದೆ, ಮೇಲೆ 16 ಕೆ.ಜಿ. ಕಲ್ಲು. ಮುಂದಿನ ದಾಸ್ತಾನು ಇನ್ನು 18 ಕಿ.ಮೀ. ಇರುವಾಗ ಸತ್ತರು. ಪೈಪೋಟಿ ಗೆದ್ದ ನಾರ್ವೆಯ ಅಮುಂಡ್‌ಸೆನ್ ನೋಡಿ. ಅವನು ಹತ್ತಿದ್ದು ಆಕ್ಸೆಲ್ ಹೈಬರ್ಗ್ ಹಿಮನದಿ. ಬಿಯರ್ಡ್‌ಮೋರ್ 200 ಕಿ.ಮೀ. ಉದ್ದ, ಇದು ಬರೀ 50 ಕಿ.ಮೀ. ಆದರೆ ಕಡಿದಾದ ಏರು, ಯಾರೂ ನೋಡಿರದ ದಾರಿ. ನಾಲ್ಕೈದು ದಿನಕ್ಕೆ ನಾಯಿಗಳ ಜೊತೆ ಮೇಲಿದ್ದ. 1911ರ ಡಿಸೆಂಬರ್ 14ಕ್ಕೆ ಧ್ರುವ. ಸ್ಕಾಟ್ ತಲುಪಿದ್ದು ಜನವರಿ 17ಕ್ಕೆ.

ಇತಿಹಾಸಪ್ರಿಯೆ
ಮೇಲೆ ಹೋಗಿ ಆ ನಾಯಿಗಳಲ್ಲಿ 24ನ್ನು ಕೊಂದು ತಿಂದರು, ಅದನ್ನೂ ಹೇಳಿ. ಆಮೇಲೆ ಕಲ್ಲಿನ ಭಾರಕ್ಕೆ ಯಾರೂ ಸಾಯಲಿಲ್ಲ. ಆ ವರ್ಷದ ಮಾರ್ಚ್ ಚಳಿ, ಸೋರಿಹೋದ ಸೀಮೆಎಣ್ಣೆ, ಕಡಿಮೆ ಊಟ. 16 ಕೆ.ಜಿ. ಅದರ ಮುಂದೆ ಏನೂ ಅಲ್ಲ.

ಟ್ರೆಕ್_ಟೋನಿ
ಕುಮಾರಪರ್ವತಕ್ಕೆ ಎರಡು ಲೀಟರ್ ನೀರು ಜಾಸ್ತಿ ಹೊತ್ತು ನೋಡಿ, ಆಮೇಲೆ ಮಾತಾಡೋಣ 😀

ಭೂಗೋಳ_ಮೇಷ್ಟ್ರು
ಇಬ್ಬರೂ ಅವರಿಗಿಂತ ಮೊದಲೇ ಆ ದಾರಿ ಹಿಡಿದ ಶ್ಯಾಕಲ್‌ಟನ್ ಮರೆತಿರಿ. ಬಿಯರ್ಡ್‌ಮೋರ್ ಕಂಡುಹಿಡಿದಿದ್ದೇ ಅವನು, 1908ರ ಡಿಸೆಂಬರ್. ದುಡ್ಡು ಕೊಟ್ಟ ಗ್ಲಾಸ್ಗೊ ಉದ್ಯಮಿಯ ಹೆಸರಿಟ್ಟ. ಉಳಿದಿದ್ದ ಕೊನೆಯ ಕುದುರೆ ಸಾಕ್ಸ್, ಅದೇ ಹಿಮನದಿಯ ಬಿರುಕಿಗೆ ಬಿದ್ದು ಕಾಣೆಯಾಯಿತು. ಮೇಲ್ತುದಿಯಲ್ಲಿ ಅವನ ತಂಡದ ಫ್ರಾಂಕ್ ವೈಲ್ಡ್‌ಗೆ ಕಲ್ಲಿದ್ದಲು ಸಿಕ್ಕಿತು. ಅಂದರೆ ಸ್ಕಾಟ್‌ಗೆ ಅಲ್ಲಿ ಏನು ಹುಡುಕಬೇಕು ಅಂತ ಮೊದಲೇ ಗೊತ್ತಿತ್ತು.

ಪ್ರಶ್ನೆಪುಟ್ಟಿ
ಹಿಮಕರಡಿ ಅವರನ್ನು ಏನೂ ಮಾಡಲಿಲ್ವಾ?

ಗಡಿಬಿಡಿ_ಗುಂಡ
ಹಿಮಕರಡಿ ಉತ್ತರ ಧ್ರುವದಲ್ಲಿ ಪುಟ್ಟಿ. ಇಲ್ಲಿ ಪೆಂಗ್ವಿನ್. ಅದೂ ಕರಾವಳಿಯಲ್ಲಿ.

ಮೈತ್ರಿಯಲ್ಲಿದ್ದವ
ಬಹಳ ದಿನದಿಂದ ಸುಮ್ನೆ ಓದುವವನು, ಇವತ್ತು ತಡೆಯಲಾಗಲಿಲ್ಲ. ಅಂಟಾರ್ಕ್ಟಿಕಾದಲ್ಲಿರುವ ಭಾರತದ ಸಂಶೋಧನಾ ಕೇಂದ್ರ ಮೈತ್ರಿಯಲ್ಲಿ ಒಂದು ಚಳಿಗಾಲ ಕಳೆದಿದ್ದೇನೆ. ಮೈತ್ರಿ ಇರುವುದು ಶಿರ್ಮಾಖರ್ ಅನ್ನೋ ಬರೀ ಬಂಡೆಯ ಪಟ್ಟಿಯಲ್ಲಿ, 1989ರಿಂದ. ಅದಕ್ಕೆ ಮುಂಚಿನ ದಕ್ಷಿಣ ಗಂಗೋತ್ರಿಯನ್ನು ತೇಲುವ ಹಿಮದ ಮೇಲೇ ಕಟ್ಟಿದ್ದರು, ಹಿಮ ಮುಚ್ಚುತ್ತಾ ಬಂದು ಬಿಡಬೇಕಾಯಿತು. ಪಕ್ಕದಲ್ಲೇ ಒಂದು ಹಿಮನದಿಯ ಮೂತಿಗೆ ಈಗಲೂ ದಕ್ಷಿಣ ಗಂಗೋತ್ರಿ ಅಂತಲೇ ಹೆಸರು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಅದು ಎಷ್ಟು ಹಿಂದೆ ಸರಿದಿದೆ ಅಂತ ಅಳೆಯುತ್ತಾರೆ.

ದಕ್ಷಿಣಕ್ಕೆ ನೋಡಿದರೆ ವೊಲ್ಥಾಟ್ ಪರ್ವತಗಳು. ಗಾಳಿಯಲ್ಲಿ ಧೂಳಿಲ್ಲ, ಆವಿ ಇಲ್ಲ. ಹೊಸಬರೆಲ್ಲಾ 'ಸಂಜೆಯೊಳಗೆ ಹೋಗಿ ಬರಬಹುದು' ಅನ್ನುತ್ತಾರೆ. ಹಿಮದ ಗಾಡಿಯಲ್ಲಿ ಹೊರಟರೂ ಬೆಟ್ಟ ಹತ್ತಿರ ಬರುವುದೇ ಇಲ್ಲ. ಮರ ಇಲ್ಲ, ಮನೆ ಇಲ್ಲ, ಅಳತೆಗೆ ಕಣ್ಣಿಗೆ ಏನೂ ಸಿಗುವುದಿಲ್ಲ. ಹಿಮದಲ್ಲಿ ಬಿರುಕುಗಳಿರುತ್ತವೆ, ಮೇಲೆ ತೆಳು ಹಿಮದ ಮುಚ್ಚಳ. ಬಾವುಟ ನೆಟ್ಟ ದಾರಿ ಬಿಟ್ಟು ಒಬ್ಬರೂ ಆಚೆ ಈಚೆ ಹೆಜ್ಜೆ ಇಡುವಂತಿಲ್ಲ. ಬಿರುಗಾಳಿ ದಿನ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹಗ್ಗ ಹಿಡಿದೇ ಹೋಗಬೇಕು, ಚಾಚಿದ ಕೈ ಕಾಣುವುದಿಲ್ಲ.

ಹಳೆಯ ಗಟ್ಟಿ ಹಿಮದ ತುಂಡನ್ನು ಲೋಟದ ನೀರಿಗೆ ಹಾಕಿದರೆ ಚಟಚಟ ಸದ್ದು ಬರುತ್ತದೆ. ಒಳಗೆ ಸಿಕ್ಕಿಕೊಂಡ ಹಳೆ ಕಾಲದ ಗಾಳಿಯ ಗುಳ್ಳೆಗಳು ಒಡೆಯುವ ಸದ್ದು.

ಕೆಎಎಸ್_ಕನಸು
ಸರ್! ಅಲ್ಲಿಯ ನಮ್ಮ ಇನ್ನೊಂದು ಕೇಂದ್ರ, ಭಾರತಿ ಸ್ಟೇಷನ್, ಲ್ಯಾಂಬರ್ಟ್ ಹತ್ತಿರ ಇದೆಯಾ?

ಮೈತ್ರಿಯಲ್ಲಿದ್ದವ
ಆ ಕಡೆಯದೇ. ಲಾರ್ಸ್‌ಮನ್ ಬೆಟ್ಟಗಳಲ್ಲಿ, ಪ್ರಿಡ್ಜ್ ಕೊಲ್ಲಿಯ ದಡ. ಲ್ಯಾಂಬರ್ಟ್–ಅಮೆರಿ ಸಮುದ್ರಕ್ಕೆ ಬರುವುದೂ ಅದೇ ಕೊಲ್ಲಿಗೆ. 2012ರಲ್ಲಿ ಶುರುವಾಯಿತು, 134 ಹಡಗಿನ ಕಂಟೇನರ್ ಜೋಡಿಸಿ ಮಾಡಿದ ಕಟ್ಟಡ. ಮೈತ್ರಿಗೂ ಅದಕ್ಕೂ ಸಾವಿರಾರು ಕಿ.ಮೀ., ನಾನು ಅಲ್ಲಿಗೆ ಹೋಗಿಲ್ಲ.

ಉಳ್ಳಾಲದ_ಹಮೀದ್
ನೀವೆಲ್ಲ ಕಲ್ಲು ಎಲೆ ಅಂತಿದ್ದೀರಿ. ಇಲ್ಲಿ ನಮ್ಮ ತೆಂಗಿನಮರ ಕಡಲಿಗೆ ಹೋಗ್ತಾ ಇದೆ. 2019ರಲ್ಲಿ ಅದೇ ಅಮೆರಿಯಿಂದ 1,636 ಚದರ ಕಿ.ಮೀ. ತುಂಡು ಮುರಿದು ಬಿತ್ತಲ್ಲ, ಅದರಿಂದ ಕಡಲು ಎಷ್ಟು ಏರಿತು ಹೇಳಿ.

ರಾಡಾರ್_ರಂಗ
ಹಮೀದಣ್ಣ, ಅದರಿಂದ ಏರಲಿಲ್ಲ. ಅದು ಮೊದಲೇ ನೀರಲ್ಲಿ ತೇಲುತ್ತಿತ್ತು, ತನ್ನ ಭಾರದಷ್ಟು ನೀರನ್ನು ಆಗಲೇ ಸರಿಸಿತ್ತು. ಅಮೆರಿಯಲ್ಲಿ ದಶಕಗಳಿಗೊಮ್ಮೆ ಹೀಗೆ ಮುರಿಯುವುದು ಮಾಮೂಲು. ತಮಾಷೆ ಏನೆಂದರೆ ವಿಜ್ಞಾನಿಗಳು ಪಕ್ಕದ ಇನ್ನೊಂದು ತುಂಡಿಗೆ 'ಅಲುಗಾಡುವ ಹಲ್ಲು' ಅಂತ ಹೆಸರಿಟ್ಟು ವರ್ಷಗಟ್ಟಲೆ ಕಾಯುತ್ತಿದ್ದರು. ಅದು ಅಲ್ಲೇ ಉಳಿಯಿತು, ಪಕ್ಕದ್ದು ಹೋಯಿತು.

ಚಿಂತೆ ಮಾಡಬೇಕಾದ್ದು ಪಶ್ಚಿಮದ ಕಡೆ. ಥ್ವೇಟ್ಸ್ ಹಿಮನದಿ. ಅದು ಹರಡಿರುವುದು ಸುಮಾರು 1,92,000 ಚದರ ಕಿ.ಮೀ., ಅಂದರೆ ಹೆಚ್ಚು ಕಡಿಮೆ ನಮ್ಮ ಇಡೀ ಕರ್ನಾಟಕ. ಅದರ ಕೆಳಗಿನ ನೆಲ ಸಮುದ್ರ ಮಟ್ಟಕ್ಕಿಂತ ಕೆಳಗಿದೆ, ಒಳಗೆ ಹೋದಷ್ಟೂ ಇನ್ನೂ ಆಳ. ಬೆಚ್ಚಗಿನ ಸಮುದ್ರದ ನೀರು ಅಡಿಗೆ ನುಗ್ಗಿ ಕರಗಿಸುತ್ತದೆ. ಹಿಂದೆ ಸರಿದಷ್ಟೂ ಇನ್ನೂ ದಪ್ಪ ಹಿಮ ನೀರಿಗೆ ಎದುರಾಗುತ್ತದೆ. ಅದನ್ನು ತಡೆಯಲು ಅಲ್ಲಿ ಬೆಟ್ಟಗಳ ಸಾಲಿಲ್ಲ. ಟ್ರಾನ್ಸ್‌ಅಂಟಾರ್ಕ್ಟಿಕ್ ಕಡೆ ಹಿಮ ಬೆಟ್ಟಗಳ ಸಂದಿಯಲ್ಲಿ ನುಸುಳಬೇಕು, ಇಲ್ಲಿ 120 ಕಿ.ಮೀ. ಬಾಗಿಲು ತೆರೆದೇ ಇದೆ. ಥ್ವೇಟ್ಸ್ ಪೂರ್ತಿ ಹೋದರೆ ಜಗತ್ತಿನ ಸಮುದ್ರ ಸುಮಾರು 65 ಸೆಂ.ಮೀ. ಏರುತ್ತದೆ. ಒಂದೇ ದಿನ ಅಲ್ಲ, ಆದರೆ ದಿಕ್ಕು ಆ ಕಡೆಗೇ ಇದೆ.

ಅನುಮಾನದ_ಅಣ್ಣಪ್ಪ
ಅಂಟಾರ್ಕ್ಟಿಕಾ ಎಲ್ಲಿ, ಉಳ್ಳಾಲ ಎಲ್ಲಿ. ಅಲ್ಲಿ ಕರಗಿದ್ದು ಅಲ್ಲೇ ಇರುತ್ತೆ ಬಿಡ್ರಿ.

ತೀರ್ಥಹಳ್ಳಿ_ಅಕ್ಕ
ಅಲ್ಲೇ ಇರುವುದಿಲ್ಲ ಅನ್ನೋದೇ ತೊಂದರೆ. ಅಷ್ಟು ದೊಡ್ಡ ಹಿಮದ ರಾಶಿ ತನ್ನ ಗುರುತ್ವದಿಂದ ಸುತ್ತಲಿನ ಸಮುದ್ರವನ್ನು ತನ್ನ ಕಡೆ ಎಳೆದುಕೊಂಡಿರುತ್ತದೆ. ಹಿಮ ಕಡಿಮೆಯಾದರೆ ಎಳೆತವೂ ಕಡಿಮೆ, ನೀರು ದೂರ ಹೋಗುತ್ತದೆ. ಪಶ್ಚಿಮ ಅಂಟಾರ್ಕ್ಟಿಕಾ ಕರಗಿದರೆ ಉತ್ತರಾರ್ಧದ ಕರಾವಳಿಗಳಲ್ಲಿ ಸರಾಸರಿಗಿಂತ ಜಾಸ್ತಿ ಏರುತ್ತದೆ.

ಹಾಗಂತ ಹಮೀದ್, ಇವತ್ತಿನ ಉಳ್ಳಾಲದ ಕಡಲ್ಕೊರೆತ ಪೂರ್ತಿ ಹಿಮನದಿ ತಲೆಗೆ ಕಟ್ಟಬೇಡಿ. ಅಳಿವೆ, ತಡೆಗೋಡೆ, ಮರಳು ಸಾಗುವ ದಾರಿ, ಅದರದ್ದೇ ಬೇರೆ ಕಥೆ.

ಉಳ್ಳಾಲದ_ಹಮೀದ್
ಕಾರಣ ಯಾವುದಾದರೂ ಮರ ಹೋಗಿದ್ದು ನಮ್ಮದೇ ಅಕ್ಕ.

ಕಲ್ಲುಕುಟಿಗ_ಕೋಲಾರ
ಬೆಟ್ಟ ಹಿಮವನ್ನು ತಡೆದರೆ ಆಗುವ ಒಂದು ಲಾಭ ಯಾರೂ ಹೇಳಲಿಲ್ಲ. ಉಲ್ಕೆ! ಖಂಡದ ಒಳಗೆ ಎಲ್ಲೋ ಬಿದ್ದ ಉಲ್ಕೆ ಹಿಮದೊಳಗೆ ಹೂತು ಅದರ ಜೊತೆ ಸಾಗುತ್ತದೆ. ದಾರಿಯಲ್ಲಿ ಬೆಟ್ಟ ಅಡ್ಡ ಬಂದರೆ ಹಿಮ ಮೇಲಕ್ಕೆ ತಳ್ಳಲ್ಪಡುತ್ತದೆ. ಅಲ್ಲಿ ಒಣಗಾಳಿ ಹಿಮವನ್ನು ಸವೆಸಿ ಸವೆಸಿ ತೆಗೆದುಕೊಂಡು ಹೋಗುತ್ತದೆ, ಕಲ್ಲು ಅಲ್ಲೇ ಉಳಿಯುತ್ತದೆ. ನೀಲಿ ಹಿಮದ ಮೇಲೆ ಕಪ್ಪು ಕಲ್ಲು ಇದ್ದರೆ ಬಗ್ಗಿ ಎತ್ತಿಕೊಳ್ಳುವುದೇ ಕೆಲಸ. 1969ರಲ್ಲಿ ಯಮಾಟೊ ಪರ್ವತಗಳ ಹತ್ತಿರ ಜಪಾನಿನವರಿಗೆ ಒಂಬತ್ತು ಸಿಕ್ಕವು, ನೋಡಿದರೆ ಬೇರೆ ಬೇರೆ ಜಾತಿಯವು. ಒಂದೇ ಉಲ್ಕೆ ಒಡೆದದ್ದಲ್ಲ, ಯಾರೋ ತಂದು ಗುಡ್ಡೆ ಹಾಕಿದಂತಿದೆ ಅಂತ ಆಗ ಹೊಳೆಯಿತು. ಜೀವದ ಕುರುಹು ಇದೆ ಅಂತ 1996ರಲ್ಲಿ ಗಲಾಟೆಯಾದ ಮಂಗಳ ಗ್ರಹದ ಕಲ್ಲೂ ಇಂಥದ್ದೇ ಜಾಗದ್ದು, ಟ್ರಾನ್ಸ್‌ಅಂಟಾರ್ಕ್ಟಿಕ್ ಪಕ್ಕದ ಆಲನ್ ಹಿಲ್ಸ್.

ಗಡಿಬಿಡಿ_ಗುಂಡ
ಒಂದು ಎತ್ತಿಕೊಂಡು ಬಂದು ಓಎಲ್‌ಎಕ್ಸ್‌ಗೆ ಹಾಕಬಹುದಾ

ಮೈತ್ರಿಯಲ್ಲಿದ್ದವ
ಬೆಣಚುಕಲ್ಲು ಜೇಬಿಗೆ ಹಾಕಿಕೊಂಡು ಬರೋದಕ್ಕೂ ಅನುಮತಿ ಬೇಕು. ಗಣಿಗಾರಿಕೆಯಂತೂ 1991ರ ಮ್ಯಾಡ್ರಿಡ್ ಒಪ್ಪಂದದಲ್ಲಿ ಪೂರ್ತಿ ನಿಷೇಧ. ಆ ಬೀವರ್ ಸರೋವರದ ಕಲ್ಲಿದ್ದಲನ್ನೂ ಯಾರೂ ಮುಟ್ಟುವಂತಿಲ್ಲ.

ಶಕ್ತಿನಗರ_ಹುಡುಗ
ಅಷ್ಟು ದೂರದಿಂದ ತಂದು ಉರಿಸಿದರೆ ಯೂನಿಟ್‌ಗೆ ಎಷ್ಟು ಬೀಳುತ್ತೆ ಅಂತ ಲೆಕ್ಕ ಹಾಕ್ತಾ ಇದ್ದೆ 😀

ಹಾಸನದ_ಅಡುಗೆಭಟ್ಟ
ಮೈತ್ರಿ ಸರ್, ನಿಜವಾಗಿ ಕೇಳ್ತಾ ಇದ್ದೀನಿ. ಅಲ್ಲಿಗೆ ಅಡುಗೆಯವರನ್ನು ತಗೋತಾರಾ? ನಾನು ಪಿಎಚ್‌ಡಿ ಗಿಎಚ್‌ಡಿ ಏನೂ ಮಾಡಿಲ್ಲ.

ಮೈತ್ರಿಯಲ್ಲಿದ್ದವ
ತಗೋತಾರೆ. ವಿಜ್ಞಾನಿಗಳಷ್ಟೇ ಹೋದರೆ ಸ್ಟೇಷನ್ ನಡೆಯುವುದಿಲ್ಲ. ಡಾಕ್ಟರ್, ಎಲೆಕ್ಟ್ರಿಷಿಯನ್, ವೆಲ್ಡರ್, ಗಾಡಿ ಮೆಕ್ಯಾನಿಕ್, ಅಡುಗೆಯವರು ಎಲ್ಲಾ ಬೇಕು. ಗೋವಾದಲ್ಲಿರುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರದ ವೆಬ್‌ಸೈಟ್ ಆಗಾಗ ನೋಡ್ತಾ ಇರಿ, ಅಲ್ಲಿ ಜಾಹೀರಾತು ಬರುತ್ತದೆ. ಆಯ್ಕೆಯಾದರೆ ದೆಹಲಿಯ ಏಮ್ಸ್‌ನಲ್ಲಿ ಮೆಡಿಕಲ್, ಆಮೇಲೆ ಔಲಿಯಲ್ಲಿ ಐಟಿಬಿಪಿಯವರ ಹಿಮದ ತರಬೇತಿ.

ಹಾಸನದ_ಅಡುಗೆಭಟ್ಟ
ಅಡುಗೆಯವನೂ ಹಗ್ಗ ಹಿಡ್ಕೊಂಡು ಬೆಟ್ಟ ಹತ್ತಬೇಕಾ?

ಮೈತ್ರಿಯಲ್ಲಿದ್ದವ
ತರಬೇತಿ ಎಲ್ಲರಿಗೂ ಒಂದೇ. ಬಿರುಕು ಯಾರು ಬಂದರು ಅಂತ ನೋಡಿ ಬಾಯಿ ತೆರೆಯುವುದಿಲ್ಲ ಭಟ್ಟರೇ. ಮತ್ತೆ, ತರಕಾರಿ ತಿಂಗಳುಗಟ್ಟಲೆ ಫ್ರೋಜನ್ನೇ. ಅದರಲ್ಲಿ ಹುಳಿ ಮಾಡೋಕೆ ಬರುತ್ತಾ, ಮೊದಲು ಹೇಳಿ.